ಒಂದೇ ಒಂದು ಗೆಲುವು

ಇಂಗ್ಲೆಂಡಿನ ಡರ್ಬಿ ನಗರ. 2007ರ ಸೆಪ್ಟೆಂಬರ್ 17ರ ರಾತ್ರಿ ಪ್ರೈಡ್ ಪಾರ್ಕ್ ಫುಟ್‌ಬಾಲ್ ಮೈದಾನದಿಂದ ಹೊರಬಂದ ಡರ್ಬಿ ಕೌಂಟಿ ಅಭಿಮಾನಿಯ ಕಾಲು ನೆಲದ ಮೇಲಿರಲಿಲ್ಲ. ಹಿಂದಿನ ಪಂದ್ಯದಲ್ಲಿ ಲಿವರ್‌ಪೂಲ್ ಎದುರು 6-0ಯಿಂದ ಸೋತಿದ್ದ ತಂಡ, ತವರಿನಲ್ಲಿ ನ್ಯೂಕ್ಯಾಸಲ್ ಯುನೈಟೆಡನ್ನು 1-0ಯಿಂದ ಮಣಿಸಿತ್ತು. ಗೋಲು ಹೊಡೆದವನು ಹೊಸ ಆಟಗಾರ ಕೆನ್ನಿ ಮಿಲ್ಲರ್.

‘ಇನ್ನು ಚಿಂತೆಯಿಲ್ಲ, ನಮ್ಮ ಹುಡುಗರು ಹಳಿಗೆ ಬಂದರು’ ಎಂದುಕೊಂಡ. ಆದರೆ ಒಂದು ಪ್ರಯೋಗದಿಂದ ಸೂತ್ರ ಸಿದ್ಧವಾಗುವುದಿಲ್ಲ. ಆ ಋತುವಿನ 38 ಪಂದ್ಯಗಳಲ್ಲಿ ತಂಡ ಗೆದ್ದದ್ದು ಅದೊಂದೇ. 8 ಸಮ, 29 ಸೋಲು. ಒಟ್ಟು 11 ಅಂಕ. 2008ರ ಮಾರ್ಚ್ 29ಕ್ಕೇ ಕೆಳದರ್ಜೆಗೆ ಇಳಿಯುವುದು ಖಚಿತವಾಯಿತು.

ಆದರೂ ತವರಿನ ಪಂದ್ಯಗಳಿಗೆ ಸರಾಸರಿ 30 ಸಾವಿರಕ್ಕೂ ಹೆಚ್ಚು ಜನ ಬರುತ್ತಲೇ ಇದ್ದರು. ಅವನೂ ಒಂದು ಪಂದ್ಯ ತಪ್ಪಿಸಲಿಲ್ಲ. ಸೋತು ತಲೆತಗ್ಗಿಸಿ ನಡೆಯುವ ಹುಡುಗರಿಗೂ ಚಪ್ಪಾಳೆ ತಟ್ಟಿದ.

ಕೊನೆಯ ಸೋಲಿನ ದಿನ ಮನೆಗೆ ನಡೆಯುತ್ತಿದ್ದಾಗ ಅವನಿಗೆ ಏನೋ ಚುಚ್ಚಿದಂತಾಯಿತು. 29 ಸೋಲುಗಳನ್ನು ನುಂಗಿಕೊಂಡ ತಾನು, ಮಗ ಒಂದು ಗಣಿತ ಪರೀಕ್ಷೆಯಲ್ಲಿ ಹಿಂದೆ ಬಿದ್ದುದಕ್ಕೆ ವಾರವಿಡೀ ಮಾತು ಬಿಟ್ಟಿದ್ದೆನಲ್ಲ! ಚಪ್ಪಾಳೆ ಯಾರಿಗೆ ಹೆಚ್ಚು ಬೇಕಿತ್ತು?

ಅಂದು ರಾತ್ರಿ ಅವನು ಮಗನ ಪಕ್ಕ ಕುಳಿತು ಲೆಕ್ಕದ ಪುಸ್ತಕ ತೆರೆದ.