ಡ್ಯಾಶ್‌ಬೋರ್ಡಿನ ಕಿಂಡಿ

ಗಾಡಿಗೆ ವಯಸ್ಸಾದದ್ದು ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಡ್ಯಾಶ್‌ಬೋರ್ಡಿನಲ್ಲಿ. ಎಂಜಿನ್ ಎಷ್ಟು ಓಡಿದ್ದರೂ ಗುಟ್ಟು ಬಿಟ್ಟುಕೊಡುವುದಿಲ್ಲ. ಆಗಾಗ ಪಾಲಿಶ್ ಹೊಡೆಸಿದರೆ ಬಣ್ಣವೂ ಬಾಯಿ ಮುಚ್ಚಿಕೊಂಡಿರುತ್ತದೆ. ಆದರೆ ನೆಂಟರ ಪೈಕಿ ಹರೆಯದ ಹುಡುಗನೊಬ್ಬ ಮುಂದಿನ ಸೀಟಿನಲ್ಲಿ ಕೂತು, ಫೋನ್ ಕೈಯಲ್ಲಿ ಹಿಡಿದು, "ಮಾಮಾ, ಇದಕ್ಕ ಸ್ಕ್ರೀನ್ ಎಲ್ಲದ?" ಎಂದು ಕೇಳಿದನೆಂದರೆ ಮುಗಿಯಿತು, ಗಾಡಿಯ ಜಾತಕ ಬಯಲಾದಂತೆಯೇ.

ನಮ್ಮದು 2013ರ ಡಸ್ಟರ್. ರೆನೊ ಕಂಪನಿ 2012ರಲ್ಲಿ ಭಾರತಕ್ಕೆ ತಂದ ಈ ಮಾದರಿ ಹತ್ತು ವರ್ಷ ಮಾರಾಟವಾಗಿ 2022ರಲ್ಲಿ ನಿಂತುಹೋಯಿತು. ಇಟ್ಟುಕೊಂಡವರು ಮಾತ್ರ ಬಿಟ್ಟುಕೊಡುತ್ತಿಲ್ಲ. ಒಂದೂವರೆ ಲೀಟರಿನ ಡೀಸೆಲ್ ಎಂಜಿನ್, ಹೊಂಡ ಬಿದ್ದ ರಸ್ತೆಯಲ್ಲೂ ಒಳಗಿದ್ದವರ ನಡುವಿಗೆ ಸುದ್ದಿ ಮುಟ್ಟಿಸದ ಸಸ್ಪೆನ್ಷನ್. ವಿಚಿತ್ರಗಳೂ ಉಂಟು. ಹೊರಗಿನ ಕನ್ನಡಿ ಹೊಂದಿಸುವ ಗುಂಡಿ ಹ್ಯಾಂಡ್‌ಬ್ರೇಕಿನ ಅಡಿಯಲ್ಲಿ ಅಡಗಿ ಕೂತಿದೆ. ಬ್ರೇಕ್ ಎತ್ತಿ ಗಾಡಿ ನಿಲ್ಲಿಸಿದರೆ ಮಾತ್ರ ಸಲೀಸಾಗಿ ಕೈಗೆ ಸಿಗುತ್ತದೆ. ಸ್ಟೀರಿಂಗಿನ ಹಿಂಬದಿಗೆ ಒಂದು ಮೊಂಡು ಕಡ್ಡಿ ಇದೆ. ಅದರ ಗುಂಡಿಗಳಿಂದ ದನಿ ಏರಿಸಬಹುದು, ಇಳಿಸಬಹುದು. ಅದರ ಬೆನ್ನಿಗಿರುವ ಪುಟ್ಟ ಚಕ್ರವನ್ನು ಬೆರಳಲ್ಲಿ ಉರುಳಿಸಿದರೆ ಸ್ಟೇಷನ್ ಬದಲಾಗುತ್ತದೆ. ಕಣ್ಣಿಗೆ ಕಾಣದ ಜಾಗದಲ್ಲಿದ್ದರೂ ಬೆರಳಿಗೆ ಅದರ ದಾರಿ ಬಾಯಿಪಾಠ.

ಕಂಪನಿಯಿಂದ ಬಂದ ಸ್ಟೀರಿಯೊ ಕೆಟ್ಟಿರಲಿಲ್ಲ. ಸಿಡಿ ನುಂಗುತ್ತಿತ್ತು, ಪೆನ್‌ಡ್ರೈವ್ ಓದುತ್ತಿತ್ತು. ಬ್ಯಾಟರಿ ಬಿಚ್ಚಿ ಹಾಕಿದರೆ ಮಾತ್ರ ಮುನಿಸಿಕೊಂಡು ನಾಲ್ಕಂಕಿಯ ಕೋಡ್ ಕೇಳುತ್ತಿತ್ತು. ಕಾರಿನ ಗಾಜು ಒಡೆದು ಸ್ಟೀರಿಯೊ ಕದಿಯುತ್ತಿದ್ದ ಕಾಲದ ಎಚ್ಚರಿಕೆ ಅದು. ಈಗಿನ ಕಳ್ಳರಿಗೆ ಅದರ ನೆನಪೂ ಇರಲಾರದು. ಹಾಡಿನ ಹೆಸರು ಕನ್ನಡದಲ್ಲಿದ್ದರೆ ಅದರ ಒಂದೇ ಸಾಲಿನ ಪರದೆ ಏನೂ ತೋಚದೆ ಖಾಲಿ ಚೌಕಗಳನ್ನು ಜೋಡಿಸಿಡುತ್ತಿತ್ತು. ಯಾವ ಹಾಡೆಂದು ಮೊದಲ ಆಲಾಪದಲ್ಲೇ ಗುರುತಿಸುವ ಪಂದ್ಯ ನಮ್ಮ ಮನೆಯಲ್ಲಿ ಶುರುವಾದದ್ದು ಹಾಗೆ.

ಬದಲಾಯಿಸಬೇಕೆಂಬ ಒತ್ತಡ ಬಂದದ್ದು ಹಾಡಿನಿಂದಲ್ಲ, ದಾರಿಯಿಂದ. ಹೈದರಾಬಾದಿಗೆ 158 ಕಿಲೊಮೀಟರಿನ ಔಟರ್ ರಿಂಗ್ ರೋಡ್ ಇದೆ. ಇಳಿಯಬೇಕಾದ ಎಕ್ಸಿಟ್ ತಪ್ಪಿತೆಂದರೆ ಮುಂದಿನದರ ತನಕ ಹೋಗಿಯೇ ತೀರಬೇಕು, ಹಿಂದಿರುಗುವ ಮಾತಿಲ್ಲ. ಒಳಗಿನ ಊರಿನದು ಇನ್ನೊಂದು ಕತೆ: ಮೇಲೊಂದು ಫ್ಲೈಓವರ್, ಕೆಳಗೊಂದು ರಸ್ತೆ, ನಡುವೆ ಮೆಟ್ರೊ ಕಂಬ. ಫೋನ್ ಹಿಡಿದು ಪಕ್ಕದಲ್ಲಿ ಕೂತ ಹೆಂಡತಿ, "ರೀ, ಎಡಕ್ಕ... ಅಲ್ಲ, ಈಗ ದಾಟಿದ್ವಲ್ಲ, ಅದು" ಎನ್ನುವ ಹೊತ್ತಿಗೆ ಮಾತು ದಾರಿಯನ್ನು ಬಿಟ್ಟು ಬೇರೆ ವಿಷಯಗಳಿಗೆ ಹೊರಳಿರುತ್ತಿತ್ತು. ದೊಡ್ಡ ಪರದೆಯೊಂದು ಅಗತ್ಯವೆಂದು ಇಬ್ಬರಿಗೂ ಒಮ್ಮತವಾದದ್ದು ಸಂಸಾರದ ಹಿತದೃಷ್ಟಿಯಿಂದ.

"ಇದನ್ನ ಮಾರಿ ಹೊಸಾದು ತಗೋ" ಎಂದವರೂ ಇದ್ದರು. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. ಆದರೂ ಹೊಸ ಗಾಡಿಯ ಮುಂಗಡಕ್ಕಿಂತ ಇದು ಎಷ್ಟೋ ಅಗ್ಗ. ಅದಲ್ಲದೆ ಹೊಸ ಗಾಡಿಗಳ ಮೇಲೆ ನನಗೊಂದು ಅನುಮಾನ ಉಂಟು.

ಅದನ್ನು ಹೇಳಬೇಕಾದರೆ ಸ್ಟೀರಿಯೊ ಕೂರುವ ಕಿಂಡಿಯ ವಿಷಯಕ್ಕೆ ಬರಬೇಕು. 1930ರಲ್ಲಿ ಅಮೆರಿಕದ ಗಾಲ್ವಿನ್ ಸೋದರರು ಮೋಟೊರೋಲಾ ಎಂಬ ಹೆಸರಿನಲ್ಲಿ ಕಾರ್ ರೇಡಿಯೊ ಮಾರಾಟಕ್ಕೆ ತಂದಾಗ ಅದನ್ನು ಕೂರಿಸಲು ಕಾರಿನಲ್ಲಿ ಜಾಗವೆಂಬುದೇ ಇರಲಿಲ್ಲ. ಸಿಕ್ಕಲ್ಲಿ ತುರುಕಬೇಕಿತ್ತು. ಮುಂದೆ ಜರ್ಮನರು ತಮ್ಮ ಸ್ವಭಾವಕ್ಕೆ ತಕ್ಕಂತೆ ಅಳತೆಪಟ್ಟಿ ಹಿಡಿದು ಕೂತರು: ರೇಡಿಯೊದ ಮುಖ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಇದೇ ಡಿನ್ ಅಳತೆ. ಎತ್ತರ ಇಮ್ಮಡಿಯಾದರೆ ಡಬಲ್ ಡಿನ್. ಜಗತ್ತಿನ ಬಹುಪಾಲು ಕಾರಿನವರು ಈ ಅಳತೆಗೆ ತಲೆಬಾಗಿ ತಮ್ಮ ಡ್ಯಾಶ್‌ಬೋರ್ಡಿನಲ್ಲಿ ಅಷ್ಟು ಜಾಗ ಬಿಟ್ಟರು. ಜಪಾನಿನ ಸ್ಟೀರಿಯೊ ಫ್ರಾನ್ಸಿನ ಕಾರಿಗೆ, ಚೀನಾದ್ದು ಕೊರಿಯಾದ್ದಕ್ಕೆ ಕೂರುವುದು ಈ ಒಂದು ಔದಾರ್ಯದಿಂದ. ನಾಳೆ ನಮಗಿಂತ ಒಳ್ಳೆಯದನ್ನು ಇನ್ನೊಬ್ಬರು ಮಾಡಿಯಾರು, ಅವರಿಗೆ ಜಾಗವಿರಲಿ ಎಂಬ ಬುದ್ಧಿ ಅದರಲ್ಲಿದೆ.

ಈಗಿನ ಎಷ್ಟೋ ಗಾಡಿಗಳಲ್ಲಿ ಕಿಂಡಿಯೇ ಇಲ್ಲ. ಹಲವದರಲ್ಲಿ ಏಸಿ, ಕ್ಯಾಮೆರಾ, ಗಾಡಿಯ ಒಳಗಿನ ಸೆಟ್ಟಿಂಗುಗಳೆಲ್ಲ ಒಂದೇ ಪರದೆಯೊಳಗೆ ಸೇರಿಕೊಂಡಿವೆ. ಹತ್ತು ವರ್ಷಕ್ಕೆ ಆ ಪರದೆ ಹಳತಾದಾಗ ಅದನ್ನು ಮಾತ್ರ ಕಿತ್ತು ಬೇರೆ ಹಾಕುತ್ತೇನೆಂದರೆ ಏಸಿಯೂ ಜೊತೆಗೆ ಎದ್ದು ಹೊರಟೀತು. ಹೀಗಾಗಿ ನನ್ನ ಲೆಕ್ಕದಲ್ಲಿ 2013ರ ಗಾಡಿಗೆ ಪ್ರಾಯ ಬರಬಹುದು, 2025ರದ್ದಕ್ಕೆ ಮುಪ್ಪು ಮಾತ್ರ ಬರಬಹುದು.

ಇಷ್ಟು ತತ್ವಜ್ಞಾನ ಕಟ್ಟಿಕೊಂಡು ಸಿಕಂದರಾಬಾದಿನ ರಾಣಿಗಂಜಿಗೆ ಹೋದೆವು. ಹುಸೇನ್ ಸಾಗರದ ಆಚೆ ಬದಿಗಿರುವ ಈ ಪೇಟೆಯಲ್ಲಿ ಗಾಡಿಯ ಬಿಡಿಭಾಗ, ಪೈಪು, ಮೋಟರು, ನಟ್ಟು ಬೋಲ್ಟು ಯಾವುದಕ್ಕೂ ಕೊರತೆಯಿಲ್ಲ. ಅಂಗಡಿಯ ಫಿಟ್ಟರ್ ಮಾತಾಡಿದ್ದು ದಖನಿಯಲ್ಲಿ. ಕಲಬುರಗಿಯವನಾದ ನನಗೆ ಅದು ಹೊರಗಿನ ಭಾಷೆ ಅನಿಸುವುದಿಲ್ಲ. 1956ರವರೆಗೆ ಕಲಬುರಗಿ, ರಾಯಚೂರು, ಬೀದರಿಗೆಲ್ಲ ಹೈದರಾಬಾದೇ ರಾಜಧಾನಿ. ಗಡಿ ಬದಲಾದರೂ ಚೌಕಾಸಿಯ ಭಾಷೆ ಬದಲಾಗಲಿಲ್ಲ.

ಗೋಡೆಯ ತುಂಬ ಪರದೆಗಳು ಹೊಳೆಯುತ್ತಿದ್ದವು. ಸೋನಿ, ಪಯೊನಿಯರ್, ಬ್ಲಾಪುಂಕ್ಟ್ ಒಂದು ಕಡೆ. ಹೆಸರು ಬಾಯಲ್ಲಿ ನಿಲ್ಲದ ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಟೀರಿಯೊಗಳು ಇನ್ನೊಂದು ಕಡೆ. "2 ಜಿಬಿ 32 ಜಿಬಿ ಲೇಲೋ ಸಾಬ್, 4 ಜಿಬಿ 64 ಜಿಬಿ ಭೀ ಹೈ" ಎಂದು ಅವನು ಜಿಬಿಗಳನ್ನು ತೂಗಿ ಕೊಡುವವನಂತೆ ಕೇಳಿದ. ಡಬ್ಬದ ಮೇಲೆ 50 ವ್ಯಾಟ್ ನಾಲ್ಕು ಎಂದು ದಪ್ಪಕ್ಷರದಲ್ಲಿತ್ತು. ಈ ಐವತ್ತರ ಗುಟ್ಟು ಸರಳ. ಗಾಡಿ ಓಡುವಾಗ ಸಿಗುವ ವಿದ್ಯುತ್ತು ಸುಮಾರು 14.4 ವೋಲ್ಟ್; ಸ್ಪೀಕರಿನ ತಡೆ 4 ಓಮ್. 14.4ನ್ನು ಅದರಿಂದಲೇ ಗುಣಿಸಿ 4ರಿಂದ ಭಾಗಿಸಿದರೆ 50ರ ಆಸುಪಾಸು ಬರುತ್ತದೆ. ಆದರೆ ಅಷ್ಟು ಬರಬೇಕಾದರೆ ದನಿಯ ಅಲೆಯ ತಲೆ ಸಪಾಟಾಗಿ ಹರಿದು ಚೂರಾಗಬೇಕು. ಕಿವಿ ಒಪ್ಪುವ ಶುದ್ಧ ದನಿಯಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಬೇರೆ ಆಂಪ್ಲಿಫೈಯರ್ ಇಲ್ಲದೆ ಸಾಮಾನ್ಯ ಸ್ಟೀರಿಯೊ ಈ ಲೆಕ್ಕ ಮೀರುವುದು ಕಷ್ಟ. ಇದನ್ನು ಫಿಟ್ಟರನಿಗೆ ಹೇಳಿದೆ. ಅವನು, "ಹೌ ಸಾಬ್, ಸಬ್‌ಕೂ ಮಾಲೂಮ್" ಎಂದು ತಣ್ಣಗೆ ತಲೆಯಾಡಿಸಿದ.

ಆರಿಸಿದ್ದು ಸಾಧಾರಣವಾದ ಒಂದನ್ನು. ಆಂಡ್ರಾಯ್ಡ್ ಆಟೊ ಇದ್ದರೆ ಉಳಿದ ಜಿಬಿ ಜಂಬವೆಲ್ಲ ಅಷ್ಟಕ್ಕಷ್ಟೇ. ನಕ್ಷೆ, ಹಾಡು, ಕರೆ ಎಲ್ಲದರ ಕೆಲಸ ಮಾಡುವುದು ಜೇಬಿನ ಫೋನು. ಪರದೆ ಅದರ ಮುಖ ಮಾತ್ರ. ಫೋನ್ ಹೊಸದಾದಂತೆ ಪರದೆಯೂ ಹೊಸದಾಗುತ್ತ ಹೋಗುತ್ತದೆ.

ನನ್ನ ಷರತ್ತು ಒಂದೇ: ಮೂಲ ವೈರು ಕತ್ತರಿಸಬಾರದು. "ವಯರ್ ನಹೀಂ ಕಾಟ್ತೆ ಸಾಬ್, ಕಪ್ಲರ್ ಕೂ ಕಪ್ಲರ್ ಬೈಠತಾ." ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಅಂಚಿನಲ್ಲಿ ತೂರಿಸಿ ಮೆಲ್ಲಗೆ ಮೀಟಿದ, ಟಕ್ ಟಕ್ ಎಂದು ಕ್ಲಿಪ್ಪುಗಳು ಬಿಟ್ಟುಕೊಂಡವು. ಹಳೆಯ ಸ್ಟೀರಿಯೊ ಹೊರಬಂದ ಮೇಲೆ ಕಿಂಡಿಯೊಳಗೆ ಕೈಹಾಕಿ ಒಂದು ಹಿಡಿ ತಂತಿ ಎಳೆದು ತೋರಿಸಿದ. ಹೊಸ ಸ್ಟೀರಿಯೊದ ಕಡೆ ಹಳದಿಯದು ಬ್ಯಾಟರಿಯಿಂದ ಸದಾ ಬರುವ ಕರೆಂಟು, ಸಮಯ ಮತ್ತು ಸ್ಟೇಷನ್ ನೆನಪಿಡಲು. ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ. ಇವೆರಡನ್ನೂ ಒಟ್ಟಿಗೆ ಹೊಸೆದುಬಿಟ್ಟರೆ ಸ್ಟೀರಿಯೊ ರಾತ್ರಿಯಿಡೀ ಎಚ್ಚರವಿದ್ದು ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ. ಕಪ್ಪು, ಅರ್ತ್. ಬಿಳಿ ಮತ್ತು ಬೂದು ಮುಂದಿನ ಸ್ಪೀಕರಿಗೆ, ಹಸಿರು ಮತ್ತು ನೇರಳೆ ಹಿಂದಿನದಕ್ಕೆ. ಜಿಪಿಎಸ್ಸಿನ ಗುಂಡನೆಯ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಚರ್ಮದಡಿ ಅಂಟಿಸಿದ. ರಿವರ್ಸ್ ಕ್ಯಾಮೆರಾದ ವೈರು ಹಿಂದಿನ ಬಾಗಿಲಿನ ರಬ್ಬರ್ ಕೊಳವೆಯೊಳಗಿಂದ ನುಸುಳಿ, ಕಾರ್ಪೆಟ್ಟಿನ ಅಂಚಿನಲ್ಲೇ ತೆವಳಿ ಮುಂದಕ್ಕೆ ಬಂತು.

ಒಂದು ತಂತಿ ಉಳಿಯಿತು, ಹ್ಯಾಂಡ್‌ಬ್ರೇಕಿನದು. ಬ್ರೇಕ್ ಎಳೆದಾಗ ಮಾತ್ರ ವಿಡಿಯೊ ಕಾಣಲಿ ಎಂದು ಮಾಡಿದ ವ್ಯವಸ್ಥೆ ಅದು. "ಬಾಡಿ ಕೂ ಲಗಾದೂಂ? ಚಲ್ತೀ ಗಾಡಿ ಮೇಂ ಭೀ ಪಿಕ್ಚರ್ ದಿಖ್ತಾ." ನಾನು, "ನಕ್ಕೊ ಭಾಯ್" ಎಂದೆ. ಹಿಂದಿನ ಸೀಟಿನಿಂದ ಮಗನ ನಿಟ್ಟುಸಿರು ಕೇಳಿಸಿತು.

ಆಮೇಲೆ ಆ ಮೊಂಡು ಕಡ್ಡಿಯ ಸರದಿ. ಹೊಸ ಪರದೆಗೂ ಹಳೆಯ ಕಡ್ಡಿಗೂ ಪರಿಚಯ ಮಾಡಿಸಬೇಕು. ಪರದೆಯ ಮೇಲೆ 'ದನಿ ಏರಿಕೆ' ಚಿತ್ರ ಮುಟ್ಟಿ, ಕಡ್ಡಿಯ ಮೇಲ್ಗುಂಡಿ ಒತ್ತಿ ಹಿಡಿದ. ಚಿತ್ರದ ಬಣ್ಣ ಬದಲಾಯಿತು. ಒಂದೊಂದನ್ನೇ ಹೀಗೆ ಕಲಿಸಿ, ಕೊನೆಗೆ ಚಕ್ರವನ್ನೂ ಒಪ್ಪಿಸಿದ. ನನಗೆ ಆ ಪರದೆಯ ಮೇಲೆ ನಂಬಿಕೆ ಬಂದದ್ದು ಆಗ. ಮುಟ್ಟುಪರದೆಗೆ ಕಣ್ಣು ಬೇಕು, ಗುಂಡಿಗೆ ಬೆರಳು ಸಾಕು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೊ ಎನ್‌ಕ್ಯಾಪ್ ಸಂಸ್ಥೆಯೂ 2026ರಿಂದ ಇಂಡಿಕೇಟರ್, ಹಾರ್ನ್, ವೈಪರಿನಂಥವಕ್ಕೆ ಪ್ರತ್ಯೇಕ ಗುಂಡಿಯೋ ಕಡ್ಡಿಯೋ ಇರಬೇಕೆಂದು ಪಟ್ಟು ಹಿಡಿದಿದೆ. ಡಸ್ಟರಿನ ಪರದೆ ತೀರ ಕೆಳಗಿದೆ ಎಂಬ ಮಾತು ಹಳೆಯದು. ಹೈದರಾಬಾದಿನ ಮೇ ತಿಂಗಳಲ್ಲಿ ಅದೇ ವರವಾಯಿತು, ಗಾಜಿನಿಂದ ಬೀಳುವ ಬಿಸಿಲು ಅಲ್ಲಿಯ ತನಕ ಇಳಿಯುವುದಿಲ್ಲ.

ಎಲ್ಲ ಮುಗಿಯಿತು ಎನ್ನುವಾಗ ರೇಡಿಯೊ ಹಚ್ಚಿದೆವು. 91.1, 92.7, 93.5, 98.3 ಸಾಲಾಗಿ ಬಂದವು. ಆಕಾಶವಾಣಿಯ ರೇನ್‌ಬೊ 101.9 ಕೂಡ ಬಂತು. ವಿವಿಧ ಭಾರತಿ ಮಾತ್ರ ಇಲ್ಲ. ಈ ಊರಿನಲ್ಲಿ ಅದರ ಠಿಕಾಣಿ 102.8. ಚಕ್ರ ಉರುಳಿಸಿದರೆ 102.7ಕ್ಕೆ ನಿಲ್ಲುತ್ತದೆ, ಇನ್ನೊಮ್ಮೆ ಉರುಳಿಸಿದರೆ 102.9ಕ್ಕೆ ಜಿಗಿಯುತ್ತದೆ, ಎರಡೂ ಕಡೆ ಸೊರಸೊರ. ಫಿಟ್ಟರ್ ಒಂದು ಕ್ಷಣ ನೋಡಿ ನಕ್ಕ. ಪರದೆ ತಾನು ಅಮೆರಿಕದಲ್ಲಿದ್ದೇನೆ ಎಂದುಕೊಂಡಿತ್ತು. ಅಲ್ಲಿ ಎಫ್‌ಎಂ ಕೇಂದ್ರಗಳ ಕೊನೆಯ ಅಂಕಿ ಯಾವಾಗಲೂ ಬೆಸ. ನಡುವಿನ ಸಮಸಂಖ್ಯೆಗಳ ಮೇಲೆ ಕಾಲೇ ಇಡುವುದಿಲ್ಲ. ಮೀಡಿಯಂ ವೇವಿನಲ್ಲಿ ಅವರದು ಹತ್ತರ ಹೆಜ್ಜೆ, ನಮ್ಮದು ಒಂಬತ್ತರದು. ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765, ಹೈದರಾಬಾದಿನ 738, ಮೂರೂ ಒಂಬತ್ತರ ಮಗ್ಗಿಯಲ್ಲಿ ಸಿಗುತ್ತವೆ. ಹತ್ತರಿಂದ ಎಣಿಸುವವನಿಗೆ ಒಂದೂ ಸಿಗುವುದಿಲ್ಲ. ನಿಜಾಮರ ಸರಕಾರ ಡೆಕ್ಕನ್ ರೇಡಿಯೊ ಎಂಬ ತನ್ನದೇ ಕೇಂದ್ರ ನಡೆಸಿದ ಊರಿದು. 1950ರ ಏಪ್ರಿಲ್‌ನಲ್ಲಿ ಅದು ಆಕಾಶವಾಣಿಯೊಳಗೆ ಸೇರಿತು. ಇಂಥ ಊರಿನ ಗಾಡಿಯೊಂದು ರೇಡಿಯೊ ವಿಷಯದಲ್ಲಿ ಅಮೆರಿಕದ ಪ್ರಜೆಯಾಗುವುದೆಂದರೆ ಹೇಗೆ? ಫಿಟ್ಟರ್ ಸೆಟ್ಟಿಂಗಿಗೆ ಹೋದ. ಪಟ್ಟಿಯಲ್ಲಿ ಭಾರತದ ಹೆಸರಿರಲಿಲ್ಲ. ಯುರೋಪ್ ಎಂಬುದನ್ನು ಒತ್ತಿದ, 102.8 ಸ್ಪಷ್ಟವಾಗಿ ಬಂತು. ಹೇಗೂ ಫ್ರಾನ್ಸಿನ ಹೆಸರಿನ ಗಾಡಿ, ತಕರಾರು ಮಾಡಲಿಲ್ಲ.

ವಿವಿಧ ಭಾರತಿಗಾಗಿ ಇಷ್ಟು ಹಟ ಯಾಕೆಂದು ಮಗ ಕೇಳಿದ್ದಕ್ಕೆ ಉತ್ತರ ಸಿಕ್ಕಿದ್ದು ಕಲಬುರಗಿಯ ದಾರಿಯಲ್ಲಿ. ಹೊಸ ಪರದೆಗೆ ಒಂದು ಹೊತ್ತಿಗೆ ಒಂದೇ ಫೋನು. ಅವ್ವನಿಗೆ ವಚನ ಬೇಕು, ಹೆಂಡತಿಗೆ ಹಳೆಯ ಸಿನೆಮಾ ಹಾಡು, ಮಗನಿಗೆ ನಮಗಾರಿಗೂ ಮಾತು ತಿಳಿಯದ ಹಾಡು. ಯಾರ ಫೋನ್ ಹಚ್ಚಿದರೂ ಉಳಿದವರಿಗೆ ಅನ್ಯಾಯ. ರೇಡಿಯೊದಲ್ಲಾದರೆ ಈ ಹಾಡು ಆರಿಸಿದವರು ನಮ್ಮೊಳಗೆ ಯಾರೂ ಅಲ್ಲ. ಹಿಡಿಸದಿದ್ದರೂ ಬೈಯಲು ಆಳಿಲ್ಲ. ಹೀಗೆ ಪಟಾನ್‌ಚೆರು, ಸಂಗಾರೆಡ್ಡಿ ಶಾಂತಿಯಿಂದ ಕಳೆದವು. ಸದಾಶಿವಪೇಟೆಯ ಹೊತ್ತಿಗೆ ದನಿ ಸವೆಯತೊಡಗಿತು, ಜಹೀರಾಬಾದಿಗೆ ಮೊದಲೇ ಜಗಳ ತಿರುಗಿ ಶುರು. ಕಡೆಗೆ ಅವ್ವನೇ ತೀರ್ಪು ಕೊಟ್ಟಳು: ಯಾರ ತವರಿಗೆ ಹೊರಟೀವೋ ಅವರ ಹಾಡು.

"ಹಂಗಾದ್ರ ನನ್ನ ಪಾಳಿ ಯಾವಾಗ?" ಎಂದು ಮಗ ಕೇಳಿದ.

"ಲೈಸೆನ್ಸ್ ಸಿಕ್ಕ ಮ್ಯಾಲ" ಎಂದೆ.

ಅವನು ಪರದೆಯನ್ನು ಒಮ್ಮೆ ಅಳೆಯುವಂತೆ ನೋಡಿದ. "ಅಷ್ಟೊತ್ತಿಗೆ ಇದಕ್ಕಿಂತ ಚಲೋವು ಬಂದಿರ್ತಾವ ಬಿಡು ಅಪ್ಪಾ. ಇದು ಕಿತ್ತು ಅದು ಹಾಕ್ಸಿದ್ರಾತು."

ಗಾಡಿ ಮಾರುವ ಮಾತನ್ನು ಮನೆಯಲ್ಲಿ ಮೊದಲು ಎತ್ತಿದವನು ಅವನೇ. ನಾನು ಏನೂ ಅನ್ನದೆ ಎಕ್ಸಲರೇಟರ್ ಒತ್ತಿದೆ.