ಒಳಗಿನ ಪ್ಯಾಡ್

ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ಸಂಚಿಕೆಗೆ ನಿಮ್ಮದೊಂದು ಲೇಖನ ಬೇಕು. ಆದರೆ ದಯವಿಟ್ಟು ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ ಬೇಡ" ಎಂದರು. ಆಗಲಿ, ಕಾರಿನ ಹಿಂದಿನ ಬ್ರೇಕಿನ ಬಗ್ಗೆ ಬರೆಯುತ್ತೇನೆ. ಬರೆಯುವವನು ವೈದ್ಯನಾದ್ದರಿಂದ ನಡುವೆ ಎಲ್ಲಾದರೂ ರೋಗಿ ನುಸುಳಿದರೆ ಓದುಗರು ಕ್ಷಮಿಸಬೇಕು.

ಸಿನ್ಸಿನಾಟಿಯಲ್ಲಿ ಓದುತ್ತಿರುವ ಮಗಳ ಬಳಿ ನಮ್ಮ ಮನೆಯ 2007ರ ಅಕಾರ್ಡ್ ಕಾರಿದೆ. ಕಳೆದ ಅಕ್ಟೋಬರಿನಲ್ಲಿ ಅವಳು, "ಅಪ್ಪಾ, ಬ್ರೇಕ್ ಒತ್ತಿದ್ರೆ ಹಿಂದುಗಡೆ ಕೀರ್ ಅನ್ನತ್ತೆ" ಎಂದಳು. ನಾನು ಕ್ಲೀವ್‌ಲ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ, "ರಾತ್ರಿ ಇಬ್ಬನಿಗೆ ಡಿಸ್ಕ್ ತುಕ್ಕು ಹಿಡಿಯತ್ತೆ ಪುಟ್ಟಾ, ನಾಲ್ಕು ಸಲ ಒತ್ತು, ಹೋಗತ್ತೆ" ಎಂದುಬಿಟ್ಟೆ. ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ಮತ್ತೆ ಹೇಳಿದಳು. ಟಾರ್ಚ್ ಹಿಡಿದು ಚಕ್ರದ ಸಂದಿಯಿಂದ ಇಣುಕಿದೆ. ಪ್ಯಾಡ್ ದಪ್ಪವಾಗಿಯೇ ಇತ್ತು. "ಏನೂ ಆಗಿಲ್ಲ" ಎಂದೆ.

ಶುಕ್ರವಾರ ಕಾರನ್ನು ಹಿಂದಕ್ಕೆ ತೆಗೆಯುವಾಗ ಎದ್ದ ಸದ್ದಿಗೆ ನನ್ನ ಹೆಂಡತಿ ಅಡುಗೆಮನೆಯಿಂದ ಆಚೆ ಬಂದಳು. "ಏನ್ರೀ ಅದು, ಕಲ್ಲಿನ ಮೇಲೆ ಕುಡುಗೋಲು ಮಸೆದ ಹಾಗೆ!" ಭಾನುವಾರ ಮಗಳು ನಾಲ್ಕು ಗಂಟೆಯ ದಾರಿ ಒಬ್ಬಳೇ ಓಡಿಸಿಕೊಂಡು ಹೋಗಬೇಕಿತ್ತು.

ಶನಿವಾರ ಬೆಳಿಗ್ಗೆ ಶುರುಮಾಡಿದೆವು. ಸಮತಟ್ಟಾದ ನೆಲ, ಮುಂದಿನ ಚಕ್ರಗಳಿಗೆ ಮರದ ತುಂಡು, ಹ್ಯಾಂಡ್‌ಬ್ರೇಕ್ ಇಳಿಸಿದ್ದಾಯಿತು. ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ, ಆಮೇಲೆ ಜ್ಯಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟೆವು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕಬಾರದು.

ಊರಿನಲ್ಲಿ ಸೈಕಲ್ ಓಡಿಸಿದವರಿಗೆ ಈ ಬ್ರೇಕ್ ಹೊಸದಲ್ಲ. ಸೈಕಲ್ಲಿನ ರಿಮ್ಮನ್ನು ಎರಡು ರಬ್ಬರ್ ತುಂಡುಗಳು ಹಿಡಿಯುವಂತೆ ಇಲ್ಲಿ ಎರಕದ ಕಬ್ಬಿಣದ ಡಿಸ್ಕನ್ನು ಒಳಗಿನಿಂದ ಒಂದು, ಹೊರಗಿನಿಂದ ಒಂದು ಪ್ಯಾಡ್ ಅಮುಕಿ ಹಿಡಿಯುತ್ತವೆ. ಚಕ್ರದ ಸಂದಿಯಿಂದ ಕಾಣುವುದು ಹೊರಗಿನದು ಮಾತ್ರ. ಕ್ಯಾಲಿಪರ್ ಬಿಚ್ಚಿ ಒಳಗಿನ ಪ್ಯಾಡ್ ತೆಗೆದಾಗ ಅದರಲ್ಲಿ ಸವೆಯಲು ಏನೂ ಉಳಿದಿರಲಿಲ್ಲ. ಬರೀ ಕಬ್ಬಿಣದ ತಗಡು ಡಿಸ್ಕನ್ನು ಉಜ್ಜಿ, ಗ್ರಾಮಫೋನ್ ತಟ್ಟೆಯಂತೆ ಗೀರು ಮಾಡಿತ್ತು. ಕ್ಯಾಲಿಪರ್ ಜಾರುವ ಪಿನ್ನು ಓಹಾಯೋ ಚಳಿಗಾಲದ ರಸ್ತೆ ಉಪ್ಪಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದು ಜಾರದಿದ್ದರೆ ಪಿಸ್ಟನ್ ಪಕ್ಕದ ಪ್ಯಾಡೇ ಎಲ್ಲ ಕೆಲಸ ಮಾಡಿ ಸವೆದುಹೋಗುತ್ತದೆ.

ಆ ತಗಡನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮುಟ್ಟಿ ನೋಡದೆ ಫೋನಿನಲ್ಲಿ ರೋಗ ನಿರ್ಣಯ ಮಾಡಿದ ಕಿರಿಯ ವೈದ್ಯರನ್ನು ನಾನು ಎಷ್ಟು ಸಲ ಬೈದಿಲ್ಲ! ಮಗಳು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಅಂಗಡಿಗೆ ಹೋಗಿ ಎರಡೂ ಹಿಂದಿನ ಚಕ್ರಕ್ಕೆ ಡಿಸ್ಕ್, ಪ್ಯಾಡ್ ತಂದೆವು. ಒಂದೇ ಕಡೆ ಬದಲಿಸುವಂತಿಲ್ಲ. ಪಿನ್ನು ಉಜ್ಜಿ, ಸಿಲಿಕೋನ್ ಗ್ರೀಸ್ ಹಚ್ಚಿದೆ. ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ. ಹೊಸ ಪ್ಯಾಡ್ ದಪ್ಪ, ಅದಕ್ಕೆ ಜಾಗವಾಗಬೇಕಾದರೆ ಪಿಸ್ಟನ್ ಒಳಗೆ ಹೋಗಬೇಕು. ಮುಂದಿನ ಚಕ್ರಗಳಲ್ಲಿ ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಹೋಗುತ್ತದೆ. ಅದೇ ಧೈರ್ಯದಲ್ಲಿ ಇಲ್ಲೂ ಒತ್ತಿದೆ. ಕದಲಲಿಲ್ಲ. ಹಟ ಬಂದು ಇನ್ನಷ್ಟು ತಿರುಗಿಸುತ್ತಿದ್ದಾಗ ಮಗಳು, "ಅಪ್ಪಾ, ಪಿಸ್ಟನ್ ಮುಖದ ಮೇಲೆ ಪ್ಲಸ್ ಗುರುತು ಯಾಕಿದೆ?" ಎಂದಳು.

ಒತ್ತುವುದಕ್ಕಲ್ಲ, ತಿರುಗಿಸುವುದಕ್ಕೆ! ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಕೂಡ ಅದೇ ಪಿಸ್ಟನ್ನಿನ ಮೂಲಕ ಕೆಲಸ ಮಾಡುತ್ತದೆ. ಒಳಗೆ ತಿರುಪು ಇದೆ. ಒತ್ತುತ್ತಾ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಅದರ ಉಪಕರಣವನ್ನು ಅಂಗಡಿಯವರು ಡಿಪಾಸಿಟ್ ಇಟ್ಟುಕೊಂಡು ಕಡ ಕೊಟ್ಟರು. ಪ್ಲಸ್ ಗುರುತಿನ ಕಾಲುವೆಗೆ ಪ್ಯಾಡಿನ ಬೆನ್ನಿನ ಗುಬುಟು ಕೂರುವಂತೆ ನಿಲ್ಲಿಸಬೇಕು. ಬಟನ್ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದವರು ಮಾತ್ರ ಹೀಗೆ ಕೈ ಹಾಕಬೇಡಿ. ಮೊದಲು ಕಾರನ್ನು ಸರ್ವಿಸ್ ಮೋಡಿಗೆ ತರಬೇಕು, ಇಲ್ಲದಿದ್ದರೆ ಅದರ ಮೋಟಾರು ಹಾಳಾಗಬಹುದು.

ಎಡಗಡೆಯದನ್ನು ಮಗಳೇ ಮಾಡಿದಳು, ನಾನು ಪಾನಾ ಎತ್ತಿಕೊಟ್ಟೆ. ಅಷ್ಟರಲ್ಲಿ ಹಾಸನದಿಂದ ಅಮ್ಮನ ಫೋನು. "ಅಷ್ಟು ದೊಡ್ಡ ದೇಶದಲ್ಲಿ ಒಬ್ಬ ಮೆಕ್ಯಾನಿಕ್ ಸಿಗಲಿಲ್ವೇನೋ ನಿನಗೆ?"

ಸಂಜೆ ಚಕ್ರ ಹಾಕಿ ನಟ್ ಬಿಗಿಮಾಡಿ, ಕಾರು ಶುರುಮಾಡಿ, ಗೇರ್ ಹಾಕುವ ಮುಂಚೆ ಬ್ರೇಕ್ ಒತ್ತಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು! ಎದೆ ಧಸಕ್ಕೆಂದಿತು. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಅದು ಸಹಜ, ಪೆಡಲನ್ನು ಮತ್ತೆ ಮತ್ತೆ ಒತ್ತಿ ಗಟ್ಟಿಯಾದ ಮೇಲೆಯೇ ಕಾರು ಕದಲಿಸಬೇಕು. ಗೊತ್ತಿತ್ತು, ಆದರೂ ಕೈ ನಡುಗಿತು. ಹತ್ತು ಹನ್ನೆರಡು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಬಾಟಲಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ನೋಡಿ, ಬೀದಿಯಲ್ಲಿ ನಿಧಾನವಾಗಿ ನಾನೊಬ್ಬನೇ ಸುತ್ತಿ ಬಂದೆ. ಭಾನುವಾರ ರಾತ್ರಿ ಮಗಳು ತಲುಪಿದೆ ಎನ್ನುವವರೆಗೂ ಊಟ ಸೇರಲಿಲ್ಲ.

ಹೋದ ವಾರ ಅವಳು ಮತ್ತೆ ಫೋನ್ ಮಾಡಿದ್ದಳು. ಮುಂದಿನ ಬಲಗಡೆಯಿಂದ ಟಕ್ ಟಕ್ ಅನ್ನುತ್ತದಂತೆ.

"ಶನಿವಾರ ಬರ್ತೀನಿ, ಅಲ್ಲೀತನಕ ಓಡಿಸಬೇಡ" ಎಂದೆ.