ಮೆಟ್ಟಿಲಿಗೊಂದು ಪುಟ್ಟ ಗೇಟು

ಬೆಂಗಳೂರಿನ ಡೂಪ್ಲೆಕ್ಸ್ ಮನೆಗಳಲ್ಲಿ ಈಗ ಅಡ್ಡಡ್ಡ ಸ್ಟೀಲ್ ಪೈಪಿನ ರೇಲಿಂಗ್‌ಗಳದ್ದೇ ದರ್ಬಾರು. ನೋಡಲು ಚೆಂದ, ಎರಡು ವರ್ಷದ ಮಗುವಿಗೆ ಮಾತ್ರ ಅದು ಹತ್ತಲೆಂದೇ ಇಟ್ಟ ಏಣಿ. ನೆಟ್ಟಗಿನ ಸರಳುಗಳೇ ವಾಸಿ, ಅದೂ ನಡುವಿನ ಸಂದು 10 ಸೆಂಟಿಮೀಟರ್ ಮೀರದಂತೆ. ಮೈ ತೂರಿದ ಸಂದಿನಲ್ಲಿ ತಲೆ ಸಿಕ್ಕಿಕೊಳ್ಳುವುದುಂಟು.

ಗೇಟು ಮೇಲೂ ಬೇಕು, ಕೆಳಗೂ ಬೇಕು.

ಮೇಲಿನದನ್ನು ಗೋಡೆಗೆ ಸ್ಕ್ರೂ ಹಾಕಿಯೇ ಕೂರಿಸಬೇಕು. ಬರೀ ಒತ್ತಡದ ಮೇಲೆ ನಿಲ್ಲುವ ಗೇಟು ಮಗು ಜೋರಾಗಿ ತಳ್ಳಿದರೆ ಜಾರೀತು. ಅದರ ಕೆಳಪಟ್ಟಿ ದೊಡ್ಡವರನ್ನೂ ಎಡವಿಸುತ್ತದೆ. (ಗೋಡೆಯ ತೂತು ಕಂಡು ಮಾಲೀಕರು ಮುಖ ಸಿಂಡರಿಸಿದರೆ ಸಿಂಡರಿಸಲಿ.)

ಇನ್ನು ವಾಕರ್. ಅದರ ಸಮೇತ ಮಕ್ಕಳು ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟು ಮಾಡಿಕೊಳ್ಳುತ್ತಿದ್ದುದನ್ನು ಕಂಡು ಕೆನಡಾ 2004ರಲ್ಲೇ ಮಾರಾಟ ನಿಷೇಧಿಸಿತು. ನಮ್ಮಲ್ಲಿ ಅದಿನ್ನೂ ಅಕ್ಕರೆಯ ಉಡುಗೊರೆ. ಮೆಟ್ಟಿಲಿರುವ ಮನೆಗೆ ದಯವಿಟ್ಟು ಕೊಡಬೇಡಿ.